ಕಂಪನಿಗಳಿಂದ ನಮ್ಮ ಸಂಘ ಕಲಿಯಬಹುದಾದದ್ದು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಶಿಕ್ಷಣ ಶಿಬಿರದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟಿರುವ ವಿಷಯ ಸ್ವಲ್ಪ ದೊಡ್ಡದು. ಸಂಸ್ಥೆಗಳು ಹೇಗೆ ಕಲಿಯುತ್ತವೆ, ಒಂದು ಸಂಸ್ಥೆಯಲ್ಲಿ ದುಡಿಯುವವರೆಲ್ಲ ಒಂದೇ ಮೌಲ್ಯವನ್ನು ಹೇಗೆ ನಂಬಿ ನಡೆಯುತ್ತಾರೆ ಅನ್ನೋದು. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಇಂಥ ವಿಷಯ ಮಾತಾಡೋಕೆ ಪ್ರೊಫೆಸರರನ್ನೇ ಕರೆಸಬಹುದಿತ್ತು. ಆದರೆ ಅಧ್ಯಕ್ಷರು "ನೀವೇ ಮಾತಾಡಿ, ನಮ್ಮ ಡೈರಿ ಕಥೆ ಹೇಳಿದರೂ ಸಾಕು" ಅಂದರು. ಹಾಗಾಗಿ ಒಂದು ಕಂಪನಿ ಕಥೆ, ಒಂದು ನಮ್ಮ ಡೈರಿ ಕಥೆ, ಎರಡನ್ನೂ ಹೇಳುತ್ತೇವೆ. ಡೈರಿ ಕಥೆಯಲ್ಲಿ ನಮ್ಮದೇ ತಪ್ಪು ಇದೆ. ಅದನ್ನು ಈ ಸಭೆಯಲ್ಲಿ ಹೇಳಬೇಕೋ ಬೇಡವೋ ಅಂತ ಹದಿನೈದು ದಿನ ಯೋಚನೆ ಮಾಡಿ ಬಂದಿದ್ದೇವೆ.

ಮೊದಲು ಕಂಪನಿ ಕಥೆ. ನಮ್ಮ ಅಣ್ಣನ ಮಗ ಬಿಡದಿ ಕಡೆ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ. ಯುಗಾದಿಗೆ ಬಂದಾಗ ಒಂದು ಮಾತು ಹೇಳಿದ. "ಚಿಕ್ಕಪ್ಪ, ಕಾರು ಕಂಪನಿಯಲ್ಲಿ ಕೆಲಸಗಾರನ ತಲೆ ಮೇಲೆ ಒಂದು ಹಗ್ಗ ಇರುತ್ತೆ. ಏನಾದರೂ ತಪ್ಪು ಕಂಡರೆ ಅದನ್ನು ಎಳೆಯಬಹುದು. ತಪ್ಪು ಸರಿಹೋಗದಿದ್ದರೆ ಇಡೀ ಲೈನು ನಿಂತುಬಿಡುತ್ತೆ" ಅಂದ. ನಮಗೆ ನಂಬಿಕೆ ಬರಲಿಲ್ಲ. ಒಂದು ನಿಮಿಷ ಲೈನು ನಿಂತರೆ ಎಷ್ಟೋ ಹಣ ಹೋಗುತ್ತೆ. ಅಂಥ ಅಧಿಕಾರವನ್ನು ನಟ್ಟು ಬಿಗಿಯುವ ಹುಡುಗನ ಕೈಗೆ ಕೊಡ್ತಾರಾ ಅಂತ ಕೇಳಿದೆವು. ಆಮೇಲೆ ಅವನೇ ಒಂದೆರಡು ಪುಸ್ತಕ ತಂದುಕೊಟ್ಟ, ಗೊತ್ತಿಲ್ಲದ ಇಂಗ್ಲಿಷನ್ನು ಕೂತು ಓದಿ ಹೇಳಿದ. ಅದರಲ್ಲಿ ತಿಳಿದದ್ದು ಇದು.

ಆ ಹಗ್ಗದ ಮೂಲ ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಜಪಾನಿನಲ್ಲಿ ಸಾಕಿಚಿ ಟೊಯೋಡ ಅನ್ನುವವರು ಮಗ್ಗ ಸುಧಾರಿಸುವುದರಲ್ಲೇ ಆಯುಸ್ಸು ಕಳೆದರು. 1924ರಲ್ಲಿ ಅವರು ಪೂರ್ತಿ ಮಾಡಿದ ಮಗ್ಗದ ಗುಣ ಏನೆಂದರೆ, ಒಂದು ಎಳೆ ಹರಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಹಾಗೆ ನಿಲ್ಲದ ಮಗ್ಗವಾದರೆ ಎಳೆ ಹರಿದರೂ ಓಡುತ್ತಲೇ ಇರುತ್ತಿತ್ತು, ಗಜಗಟ್ಟಲೆ ಬಟ್ಟೆ ಹಾಳಾದ ಮೇಲೆ ಯಾರೋ ನೋಡುತ್ತಿದ್ದರು. 1929ರಲ್ಲಿ ಈ ಮಗ್ಗದ ಹಕ್ಕನ್ನು ಇಂಗ್ಲೆಂಡಿನ ಮಗ್ಗದ ಕಂಪನಿಯೊಂದು ಕೊಂಡಿತು. ಸಾಕಿಚಿಯವರ ಮಗ ಕಾರಿನ ಕೆಲಸಕ್ಕೆ ಇಳಿದರು. 1937ರಲ್ಲಿ ಟೊಯೋಟಾ ಮೋಟಾರ್ ಕಂಪನಿ ಆಯಿತು. ಮಗ್ಗದ ಬುದ್ಧಿ ಮಾತ್ರ ಕಾರಿನ ಕಾರ್ಖಾನೆಗೂ ಬಂತು. ತಪ್ಪು ಕಂಡಲ್ಲೇ ನಿಲ್ಲಿಸು, ಮುಂದಕ್ಕೆ ಕಳಿಸಬೇಡ.

ಅಲ್ಲಿ ತೈಚಿ ಓನೋ ಅಂತ ಇನ್ನೊಬ್ಬರಿದ್ದರು. ಏನೇ ತಪ್ಪಾದರೂ ಐದು ಸಲ 'ಯಾಕೆ' ಅಂತ ಕೇಳಿ ಅನ್ನುತ್ತಿದ್ದರು. ಅವರು ಕೊಟ್ಟ ಉದಾಹರಣೆ ನಮ್ಮ ಪಂಪ್‌ಸೆಟ್ಟಿಗೂ ಒಪ್ಪುತ್ತೆ. ಮೆಷಿನ್ನು ನಿಂತಿತು. ಯಾಕೆ? ಲೋಡು ಜಾಸ್ತಿಯಾಗಿ ಫ್ಯೂಸು ಹೋಯಿತು. ಲೋಡು ಯಾಕೆ ಜಾಸ್ತಿಯಾಯಿತು? ಬೇರಿಂಗಿಗೆ ಎಣ್ಣೆ ಸಾಲದು. ಎಣ್ಣೆ ಯಾಕೆ ಸಾಲದು? ಎಣ್ಣೆ ಪಂಪು ಸರಿಯಾಗಿ ಎತ್ತುತ್ತಿಲ್ಲ. ಯಾಕೆ ಎತ್ತುತ್ತಿಲ್ಲ? ಪಂಪಿನ ಶಾಫ್ಟು ಸವೆದಿದೆ. ಯಾಕೆ ಸವೆಯಿತು? ಜರಡಿ ಇಲ್ಲ, ಕಬ್ಬಿಣದ ಪುಡಿ ಒಳಗೆ ಹೋಗಿದೆ. ಮೊದಲನೇ 'ಯಾಕೆ'ಗೇ ನಿಂತರೆ ಫ್ಯೂಸು ಹಾಕಿ ಮನೆಗೆ ಹೋಗುತ್ತೇವೆ. ನಾಳೆ ಮತ್ತೆ ಹೋಗುತ್ತೆ. ನಮ್ಮೂರಲ್ಲಿ ಎಷ್ಟು ಮೋಟಾರು ಹೀಗೇ ಸುಟ್ಟಿವೆ, ಎಷ್ಟು ಸಲ ಲೈನ್‌ಮನ್ನನ್ನು ಬೈದಿದ್ದೇವೆ, ನಿಮಗೇ ಗೊತ್ತು.

ಇದರಲ್ಲಿ ಇನ್ನೊಂದು ವಿಚಾರ ಇದೆ. ಐದು ಸಲ ಕೇಳಬೇಕಾದ್ದು 'ಯಾಕೆ' ಅಂತ, 'ಯಾರು' ಅಂತ ಅಲ್ಲ. ನಮ್ಮ ಹಳ್ಳಿಗಳಲ್ಲಿ ಮೊದಲು ಕೇಳೋದೇ 'ಯಾರು' ಅಂತ.

ಈಗ ಅಮೆರಿಕಕ್ಕೆ ಬನ್ನಿ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಅನ್ನುವ ಊರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಕಾರ್ಖಾನೆ ಇತ್ತು. ಅಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ಎಣ್ಣೆ ಸೀಗೆಕಾಯಿ. ನೂರಕ್ಕೆ ಇಪ್ಪತ್ತು ಜನ ಕೆಲಸಕ್ಕೇ ಬರುತ್ತಿರಲಿಲ್ಲ. ಬಂದವರಲ್ಲಿ ಕೆಲವರು ಕುಡಿದು ಬರುತ್ತಿದ್ದರು. ಅಲ್ಲಿ ಲೈನು ನಿಲ್ಲಿಸುವುದು ದೊಡ್ಡ ಅಪರಾಧ. ಕಾರಿಗೆ ಏನೋ ಒಂದು ಭಾಗ ಕೂರಿಸಿಲ್ಲ ಅಂದರೂ ಮುಂದಕ್ಕೆ ತಳ್ಳುತ್ತಿದ್ದರು, ಕೊನೆಗೆ ರಿಪೇರಿ ಮಾಡೋಣ ಅಂತ. 1982ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಸೇರಿ ಅದೇ ಕಾರ್ಖಾನೆಯನ್ನು ತೆರೆದವು. ಕೆಲಸಕ್ಕೆ ತೆಗೆದುಕೊಂಡದ್ದು ಬಹುಪಾಲು ಅದೇ ಹಳೇ ಕಾರ್ಮಿಕರನ್ನೇ, ಅದೇ ಕಾರ್ಮಿಕ ಸಂಘದವರನ್ನೇ. ನೂರಾರು ಜನರನ್ನು ಜಪಾನಿಗೆ ಕರೆದುಕೊಂಡು ಹೋಗಿ ಎರಡು ಮೂರು ವಾರ ಅಲ್ಲಿಯ ಲೈನಿನಲ್ಲಿ ನಿಲ್ಲಿಸಿ ಕೆಲಸ ಕಲಿಸಿದರು. ವಾಪಸು ಬಂದ ಮೇಲೆ ಅವರ ತಲೆ ಮೇಲೂ ಹಗ್ಗ ಕಟ್ಟಿದರು. ಸಾಹೇಬರಿಗೂ ಕೆಲಸಗಾರರಿಗೂ ಒಂದೇ ಕ್ಯಾಂಟೀನು. ಗಾಡಿ ನಿಲ್ಲಿಸಲು ಸಾಹೇಬರಿಗೆ ಬೇರೆ ಜಾಗ ಇಲ್ಲ. ಸ್ವಲ್ಪ ದಿನದಲ್ಲೇ ಗೈರುಹಾಜರಿ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಅಮೆರಿಕದಲ್ಲೇ ಒಳ್ಳೆ ಕಾರು ಮಾಡುವ ಕಾರ್ಖಾನೆಗಳಲ್ಲಿ ಅದೂ ಒಂದು ಅನ್ನಿಸಿಕೊಂಡಿತು. ಜನ ಅವರೇ, ಗೋಡೆ ಅದೇ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತೆ. ಆದರೆ ಮುಂದಿನದ್ದನ್ನೂ ಹೇಳಬೇಕು. ಜನರಲ್ ಮೋಟಾರ್ಸಿನ ಬೇರೆ ಕಾರ್ಖಾನೆಯವರು ಬಂದು ನೋಡಿಕೊಂಡು ಹೋದರು. ಹಗ್ಗ ನೋಡಿದರು, ತಮ್ಮಲ್ಲೂ ಕಟ್ಟಿದರು. ಆದರೆ ಹಗ್ಗ ಎಳೆದವನನ್ನು ಗದರಿಸುವ ಮೇಲ್ವಿಚಾರಕ ಅವನೇ ಇದ್ದ. ಹಾಗಾಗಿ ಹಗ್ಗ ಇದ್ದರೂ ಎಳೆಯುವವರಿಲ್ಲ. ಒಂದೇ ಕಂಪನಿಯಲ್ಲಿ ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಹೋಗಲು ವರ್ಷಗಟ್ಟಲೆ ಹಿಡಿಯಿತು. 2009ರಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. 2010ರಲ್ಲಿ ಫ್ರೀಮಾಂಟಿನ ಆ ಜಂಟಿ ಕಾರ್ಖಾನೆಯೂ ಮುಚ್ಚಿತು.

ಕಲಿಸಿದವರೂ ಎಡವಿದರು. 2009-10ರಲ್ಲಿ ಟೊಯೋಟಾ ಕಂಪನಿಯೇ ಲಕ್ಷಗಟ್ಟಲೆ ಕಾರು ವಾಪಸು ಕರೆಸಬೇಕಾಯಿತು, ಆಕ್ಸಲರೇಟರ್ ಪೆಡಲ್ಲು ಸಿಕ್ಕಿಕೊಳ್ಳುವ ದೂರು. ಸಾಕಿಚಿಯವರ ಮರಿಮಗ ಅಕಿಯೋ ಟೊಯೋಡ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಹೋಗಿ ಕ್ಷಮೆ ಕೇಳಿದರು. ನಾವು ಬೆಳೆದ ವೇಗಕ್ಕೆ ತಕ್ಕಂತೆ ನಮ್ಮ ಜನರನ್ನು ತಯಾರು ಮಾಡಲು ಆಗಲಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಬಿಡದಿಯಲ್ಲಿ ಕೂಡ 2020ರ ನವೆಂಬರಿನಲ್ಲಿ ಮುಷ್ಕರ, ಲಾಕೌಟು ಆಗಿ ತಿಂಗಳುಗಟ್ಟಲೆ ಎಳೆದದ್ದು ಪೇಪರಿನಲ್ಲಿ ಓದಿದ್ದೀರಿ. ನಮ್ಮ ಹುಡುಗರ ಹಾಗೆ ಕಂಪನಿಗಳನ್ನು ತಲೆ ಮೇಲೆ ಹೊತ್ತು ಕುಣಿಯೋಕೆ ನಾವು ತಯಾರಿಲ್ಲ. ಅವು ಲಾಭಕ್ಕಾಗಿ ಇರುವ ಸಂಸ್ಥೆಗಳು. ಆದರೂ ಒಳ್ಳೆ ಬಿತ್ತನೆ ಬೀಜ ಯಾರ ಹೊಲದಲ್ಲಿದ್ದರೂ ಒಂದು ಸೇರು ಕೇಳಿ ತರೋದು ರೈತನ ಬುದ್ಧಿ.

ನಮ್ಮ ಸಹಕಾರ ಚಳವಳಿಗೂ ಇದು ಹೊಸದಲ್ಲ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಜನ ಸೇರಿ ಅಂಗಡಿ ತೆರೆದರಲ್ಲ, ಅವರಲ್ಲೂ ನೇಕಾರರಿದ್ದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಇಂಥ ಕೆಲವೇ ಸಾಮಾನು. ಬೆರಕೆ ಇಲ್ಲದ ಪದಾರ್ಥ, ಪೂರ್ತಿ ತೂಕ, ಒಬ್ಬರಿಗೆ ಒಂದೇ ಓಟು. ಅಂಗಡಿ ಬೆಳೆದ ಮೇಲೆ ಲಾಭದಲ್ಲಿ ನೂರಕ್ಕೆ ಎರಡೂವರೆಯನ್ನು ಸದಸ್ಯರ ಓದಿಗೆ ಅಂತ ತೆಗೆದಿಟ್ಟರು, ಅಂಗಡಿ ಮಾಳಿಗೆಯಲ್ಲಿ ಪೇಪರು ಓದುವ ಕೋಣೆ ಮಾಡಿದರು. ನಮ್ಮ ರಾಜ್ಯದಲ್ಲಿ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ್ದು ನಿಮಗೆಲ್ಲ ಗೊತ್ತಿರುವ ವಿಷಯ. ನಾವೂ ಪ್ರತಿವರ್ಷ ಲಾಭದಲ್ಲಿ ಒಂದು ಅಂಶ ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತೇವೆ. ಕಟ್ಟಿ ರಸೀದಿ ಫೈಲು ಮಾಡುತ್ತೇವೆ. ಅಲ್ಲಿಗೆ ಕಲಿತಾಯಿತು ಅಂತ ನಮ್ಮ ಲೆಕ್ಕ.

ಆನಂದದ ಕುರಿಯನ್ ಅವರ ವಿಷಯದಲ್ಲೂ ಒಂದು ಮಾತು. ಅವರು ಅಮೆರಿಕಕ್ಕೆ ಓದಲು ಹೋಗುವ ಮೊದಲು ಹೈನುಗಾರಿಕೆಯ ತರಬೇತಿಗೆ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. 1949ರಲ್ಲಿ ಆನಂದಕ್ಕೆ ಹೋದರು. ಎಮ್ಮೆ ಹಾಲಿನಿಂದ ಪುಡಿ ಮಾಡಲು ಆಗೋದೇ ಇಲ್ಲ ಅಂತ ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲ. ಅವರ ಜೊತೆಯ ದಲಾಯ ಅನ್ನುವ ಎಂಜಿನಿಯರು ಮಾಡಿ ತೋರಿಸಿದರು. ಆ ಸಂಘದ ಅಧ್ಯಕ್ಷರಾಗಿದ್ದ ತ್ರಿಭುವನದಾಸ ಪಟೇಲರು ಊರೂರು ನಡೆದು ರೈತರ ಮಾತು ಕೇಳುತ್ತಿದ್ದವರು. ಓದಿದವರ ತಂತ್ರ, ರೈತರ ಮಾತು, ಎರಡೂ ಒಂದೇ ಮೇಜಿನ ಮೇಲೆ ಬಂದದ್ದರಿಂದ ಅದು ನಿಂತಿತು ಅಂತ ನಮ್ಮ ಅಭಿಪ್ರಾಯ.

ಇನ್ನು ನಮ್ಮ ಡೈರಿ ಕಥೆ.

2008ರ ಬೇಸಿಗೆ. ಹಿರಿಯರಿಗೆ ನೆನಪಿರಬೇಕು. ಹತ್ತು ದಿನದಲ್ಲಿ ನಾಲ್ಕು ಸಲ ನಮ್ಮ ಕ್ಯಾನುಗಳು ಹುಳಿ ಅಂತ ವಾಪಸು ಬಂದವು. ಒಂದು ಸಲ ಮೂರು ಕ್ಯಾನು, ಅಂದರೆ ನೂರಿಪ್ಪತ್ತು ಲೀಟರು. ಡೈರಿ ಹಿಂದಿನ ಚರಂಡಿಗೆ ಸುರಿದೆವು, ನಾಯಿಗಳೂ ಮೂಸಲಿಲ್ಲ. ಬಟವಾಡೆಯಲ್ಲಿ ಎಲ್ಲರ ಹಣಕ್ಕೂ ಕತ್ತರಿ ಬಿತ್ತು. ಊರಲ್ಲಿ ಗುಸುಗುಸು ಶುರುವಾಯಿತು. ಯಾರದ್ದೋ ಹಾಲು ಕೆಟ್ಟಿದೆ, ಯಾರೋ ರಾತ್ರಿ ಹಾಲು ಬೆರೆಸ್ತಾರೆ ಅಂತ.

ಆಗ ನಾವು ಹೊಸದಾಗಿ ನಿರ್ದೇಶಕರಾಗಿದ್ದೆವು. ಬಿಸಿ ರಕ್ತ. ಕೆಟ್ಟದ್ದೆಲ್ಲ ಕೊನೆಯಲ್ಲಿ ತುಂಬುವ ಕ್ಯಾನುಗಳು ಅನ್ನೋದು ಗೊತ್ತಾಯಿತು. ಕೊನೆಯಲ್ಲಿ ಹಾಲು ತರುತ್ತಿದ್ದವರು ಊರಾಚೆ ತೋಟದ ದಾರಿಯ ಒಬ್ಬ ಅಕ್ಕ. ಗಂಡ ತೀರಿಕೊಂಡು ವರ್ಷ ಆಗಿತ್ತು. ಒಂದೇ ಸೀಮೆಹಸು. ಕೂಲಿ ಮುಗಿಸಿ ಬಂದು ಹಾಲು ಕರೆಯುವಾಗ ತಡವಾಗುತ್ತಿತ್ತು. ಇನ್ನೇನು ಬೇಕು, ನಾವು ತೀರ್ಮಾನ ಮಾಡಿಬಿಟ್ಟೆವು. ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ "ನಾಳೆಯಿಂದ ನಿಮ್ಮ ಹಾಲು ಬೇಡಮ್ಮ" ಅಂದೆವು. ಲ್ಯಾಕ್ಟೋಮೀಟರು ಸರಿ ತೋರಿಸುತ್ತಿತ್ತು, ಮೂಸಿದರೆ ವಾಸನೆ ಇರಲಿಲ್ಲ. ಆದರೂ ಅಂದೆವು. ಅವರು ಏನೂ ಹೇಳಲಿಲ್ಲ. ತಂದ ಹಾಲನ್ನು ವಾಪಸು ತೆಗೆದುಕೊಂಡು ಹೋದರು.

ಮೂರನೇ ದಿನಕ್ಕೆ ಕ್ಯಾನು ಮತ್ತೆ ಹುಳಿಯಾಗಿ ಬಂತು.

ಒಕ್ಕೂಟದ ವಿಸ್ತರಣಾಧಿಕಾರಿ ಬಂದರು. ಅವರು ಹಾಲನ್ನು ನೋಡಲಿಲ್ಲ, ಮೊದಲು ಖಾಲಿ ಕ್ಯಾನಿನ ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ರಬ್ಬರ್ ರಿಂಗು ಸೀಳಿತ್ತು. ಆ ಸೀಳಿನೊಳಗೆ ಹಳೇ ಹಾಲು ಮೊಸರಾಗಿ ಕೂತಿತ್ತು. ಹಿಂದಿನ ದಿನದ ಆ ಹೆಪ್ಪು ಇವತ್ತಿನ ಹಾಲಿಗೆ ಸೇರುತ್ತಿತ್ತು. ಬೇಸಿಗೆಯ ಬಿಸಿಗೆ ಗಾಡಿಯಲ್ಲಿ ಹೋಗುವಷ್ಟರಲ್ಲಿ ಹುಳಿ. ಕ್ಯಾನಿನ ನಂಬರು ನೋಡಿದರೆ ವಾಪಸು ಬಂದವು ಪ್ರತಿ ಸಲವೂ ಅವೇ ಮೂರು. ಸಾಲಿನಲ್ಲಿ ಕೊನೆಗೆ ಇಡುತ್ತಿದ್ದದ್ದರಿಂದ ಕೊನೆಗೆ ತುಂಬುತ್ತಿದ್ದವು. ಹತ್ತು ದಿನ ನಾವು ಮನುಷ್ಯರ ಮುಖ ನೋಡಿದೆವೇ ಹೊರತು ಕ್ಯಾನಿನ ನಂಬರು ನೋಡಲಿಲ್ಲ.

ರಿಂಗು ಯಾಕೆ ಬದಲಾಯಿಸಿರಲಿಲ್ಲ? ಕೊಳ್ಳಲು ಮಂಜೂರಾತಿ ಇರಲಿಲ್ಲ. ಯಾಕಿರಲಿಲ್ಲ? ಆ ತಿಂಗಳ ಆಡಳಿತ ಮಂಡಳಿ ಸಭೆ ಕೋರಂ ಇಲ್ಲದೆ ಮುಂದಕ್ಕೆ ಹೋಗಿತ್ತು. ಯಾಕೆ? ಮದುವೆ ಸೀಸನ್ನು. ಬರದವರಲ್ಲಿ ನಾವೂ ಒಬ್ಬರು, ನಮ್ಮ ಭಾವಮೈದನ ಮದುವೆ ಇತ್ತು. ಅದರ ಮೇಲೆ ಡೈರಿಯ ಬೋರು ಕೈಕೊಟ್ಟು ಕ್ಯಾನುಗಳನ್ನು ಎರಡು ಕೊಡ ನೀರಿನಲ್ಲೇ ತೊಳೆಯುತ್ತಿದ್ದರು.

ಇಷ್ಟೆಲ್ಲ ಗೊತ್ತಾದ ಮೇಲೆ, ಕ್ಯಾನು ತೊಳೆಯುತ್ತಿದ್ದ ಹುಡುಗ ಒಂದು ಮಾತು ಹೇಳಿದ. "ನಂಗೆ ಮೊದಲೇ ಗೊತ್ತಿತ್ತಣ್ಣ, ರಿಂಗು ಸೀಳಿದೆ ಅಂತ." ಗೊತ್ತಿದ್ದರೆ ಯಾಕೋ ಹೇಳಲಿಲ್ಲ ಅಂತ ನಾವು ಜೋರು ಮಾಡಿದೆವು. ಅವನು ಅಂದ, "ಒಂದ್ಸಲ ಹೇಳಿದ್ದೆ. ನಿನ್ನ ಕೆಲಸ ನೋಡ್ಕೋ ಅಂದ್ರಿ." ಯಾರಂದದ್ದು ಅಂತ ಕೇಳಲು ನಮಗೆ ಬಾಯಿ ಬರಲಿಲ್ಲ. ನಮಗೇ ನೆನಪಾಯಿತು.

ಬಿಡದಿಯ ಹಗ್ಗದ ಕಥೆ ಕೇಳಿದಾಗ ನಮಗೆ ಮೊದಲು ನೆನಪಾದದ್ದು ಆ ಹುಡುಗನ ಮುಖ. ಅವನು ಹಗ್ಗ ಎಳೆದಿದ್ದ. ನಾವು ಗದರಿಸಿ ಬಿಡಿಸಿದ್ದೆವು.

ಹೊಸ ರಿಂಗು ತಂದೆವು. ಹಾಲು ಸರಿಹೋಯಿತು. ಅಧ್ಯಕ್ಷರು ಆ ಅಕ್ಕನ ಮನೆಗೆ ಹೋಗಿ ಮಾತಾಡಿಸಿ ಬಂದರು. ಆದರೆ ಅವರು ತಕ್ಷಣ ಡೈರಿಗೆ ಬರಲಿಲ್ಲ. ಐದಾರು ತಿಂಗಳು ಹೋಟೆಲಿನವರಿಗೆ ಕಡಿಮೆ ರೇಟಿಗೆ ಹಾಲು ಕೊಟ್ಟರು. ಹಾಕಬೇಕಾದಷ್ಟು ದಿನ ಹಾಕಿಲ್ಲ ಅಂತ ಆ ವರ್ಷದ ಬೋನಸ್ಸೂ ಅವರಿಗೆ ಸಿಗಲಿಲ್ಲ. ಆ ನಿಯಮ ಓದಿ ಹೇಳಿದವರು ಯಾರು ಅಂತೀರಿ, ನಾವೇ. ಅವರ ಮನೆಗೆ ನಾವು ಹೋಗಲಿಲ್ಲ. ದಾರಿಯಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದೆವು, ಅಷ್ಟೆ.

ಈ ಭಾಷಣ ಬರೆಯುವಾಗ ಆ ತಿಂಗಳ ನಡವಳಿ ಪುಸ್ತಕ ತೆಗೆಸಿ ನೋಡಿದೆವು. ಅದರಲ್ಲಿ ಇರೋದು ಒಂದೇ ಸಾಲು: ಕ್ಯಾನಿನ ರಬ್ಬರ್ ರಿಂಗ್ ಖರೀದಿಗೆ ಮಂಜೂರಾತಿ ನೀಡಲಾಯಿತು. ಹಾಲು ಯಾಕೆ ಕೆಟ್ಟಿತು, ಹುಡುಗ ಏನು ಹೇಳಿದ, ಯಾರನ್ನು ನಿಲ್ಲಿಸಿದೆವು, ಒಂದೂ ಇಲ್ಲ. ಸಂಘಕ್ಕೆ ಆ ಬೇಸಿಗೆ ನೆನಪೇ ಇಲ್ಲ.

ನೆನಪಿಲ್ಲದ್ದರ ಫಲ 2016ರಲ್ಲಿ ಬಂತು. ಆಗ ಕ್ಯಾನುಗಳು ಹೋಗಿ ತಣ್ಣಗಿಡುವ ಟ್ಯಾಂಕು ಬಂದಿತ್ತು, ಫ್ಯಾಟು ನೋಡಲು ಮೆಷಿನ್ನು ಬಂದಿತ್ತು, ಚೀಟಿ ಅಚ್ಚಾಗಿ ಬರುತ್ತಿತ್ತು. ಚೀಟಿ ಬಂದ ಮೇಲೆ ಯಾರೂ ಮಾತಾಡುವ ಹಾಗಿಲ್ಲ ಅನ್ನೋ ಭಾವನೆಯೂ ಬಂದಿತ್ತು. ಒಬ್ಬ ಸದಸ್ಯರು ನಾಲ್ಕು ದಿನದಿಂದ ಫ್ಯಾಟು ಕಡಿಮೆ ಬರ್ತಿದೆ, ಇನ್ನೊಂದು ಸಲ ನೋಡಿ ಅಂದರು. "ಮೆಷಿನ್ ಸುಳ್ಳು ಹೇಳುತ್ತಾ?" ಅಂತ ಎಲ್ಲ ನಕ್ಕರು. ವಾರದ ಮೇಲೆ ಗೊತ್ತಾಯಿತು, ಮೆಷಿನ್ನನ್ನು ದಿನಾ ತೊಳೆಯುವ ದ್ರಾವಣ ಮುಗಿದು ಹೋಗಿತ್ತು, ಬರೀ ನೀರಿನಲ್ಲಿ ತೊಳೆಯುತ್ತಿದ್ದರು, ಒಳಗಿನ ನಳಿಗೆಯಲ್ಲಿ ಕೊಬ್ಬು ಕಟ್ಟಿತ್ತು. ಎಂಟು ವರ್ಷದ ಹಿಂದೆ ರಬ್ಬರ್ ರಿಂಗು, ಈಗ ದ್ರಾವಣ. ಹೇಳಿದವರನ್ನು ನಕ್ಕು ಕೂರಿಸುವುದು ಮಾತ್ರ ಹಾಗೇ ಇತ್ತು. ಆ ವಾರದ ವ್ಯತ್ಯಾಸದ ಹಣವನ್ನು ಎಲ್ಲ ಸದಸ್ಯರಿಗೂ ಸೇರಿಸಿ ಕೊಟ್ಟೆವು, ಅದು ನಮ್ಮ ಸಂಘದ ದೊಡ್ಡತನವೇ. ಆದರೆ ಅದನ್ನೂ ಯಾಕೆ ಅಂತ ಬರೆದಿಡಲಿಲ್ಲ.

ನಾವು ಈಗ ಇದನ್ನೆಲ್ಲ ಎತ್ತಲು ಒಂದು ಕಾರಣವಿದೆ. ನಮ್ಮ ಕಾರ್ಯದರ್ಶಿಯವರು ಬರುವ ವರ್ಷ ನಿವೃತ್ತರಾಗುತ್ತಾರೆ. ಇಪ್ಪತ್ತೈದು ವರ್ಷದ ಸಂಘ ಅವರ ತಲೆಯಲ್ಲಿದೆ. ಕರೆಂಟು ಹೋದರೆ ಜನರೇಟರಿಗೆ ಯಾವ ಮೂಲೆಯಲ್ಲಿ ತಟ್ಟಬೇಕು, ಯಾವ ತಿಂಗಳು ಹಸಿ ಮೇವು ಜಾಸ್ತಿಯಾಗಿ ಫ್ಯಾಟು ಇಳಿಯುತ್ತೆ, ಯಾರ ಮನೆಯಲ್ಲಿ ಹಸು ಗಬ್ಬವಾಗಿದೆ, ಎಲ್ಲ ಅವರಿಗೆ ಬಾಯಿಪಾಠ. ಅವರು ಮನೆಗೆ ಹೋದ ದಿನ ಸಂಘ ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂರಬಾರದು. ಬರುವ ಹುಡುಗ ಅಥವಾ ಹುಡುಗಿಗೆ ಕಂಪ್ಯೂಟರು ಚೆನ್ನಾಗಿ ಬರುತ್ತೆ, ಆದರೆ ಮುಚ್ಚಳ ಮೂಸಿ ನೋಡಬೇಕು ಅನ್ನೋದನ್ನು ಕಂಪ್ಯೂಟರು ಕಲಿಸೋದಿಲ್ಲ.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಾವು ಒಂದು ಸಲಹೆ ಇಟ್ಟೆವು. ಪರೀಕ್ಷೆ ಮೇಜಿನ ಪಕ್ಕದಲ್ಲಿ ಒಂದು ಪುಸ್ತಕ ಇಡೋಣ. ಯಾರು ಬೇಕಾದರೂ ಬರೆಯಬಹುದು. ಬರೆಯಲು ಬಾರದವರು ಹೇಳಿ ಬರೆಸಬಹುದು. ಏನು ತಪ್ಪು ಕಂಡಿತು, ಯಾಕೆ ಆಯಿತು, ಏನು ಮಾಡಿದೆವು. ಯಾರು ಅನ್ನುವ ಕಾಲಮ್ಮು ಇರೋದಿಲ್ಲ. ತಿಂಗಳ ಸಭೆಯಲ್ಲಿ ಮೊದಲು ಆ ಪುಸ್ತಕ ಓದಬೇಕು, ಆಮೇಲೆ ಜಮಾ ಖರ್ಚು.

ಎಲ್ಲರೂ ಒಪ್ಪಲಿಲ್ಲ. ಒಬ್ಬ ನಿರ್ದೇಶಕರು "ಆಡಿಟರ್ ಕೈಗೆ ಸಿಕ್ಕರೆ ನಮ್ಮ ತಪ್ಪನ್ನು ನಾವೇ ಬರೆದುಕೊಟ್ಟ ಹಾಗೆ ಆಗುತ್ತೆ" ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಇನ್ನೊಬ್ಬರು, ಎಲೆಕ್ಷನ್ ಬಂದಾಗ ಎದುರು ಪಾರ್ಟಿಯವರು ಇದನ್ನೇ ಹಿಡಿದು ಮೈಕಿನಲ್ಲಿ ಓದ್ತಾರೆ ಅಂದರು. ಅದೂ ನಿಜ, ನಮ್ಮೂರ ಎಲೆಕ್ಷನ್ ನಮಗೆ ಗೊತ್ತಿಲ್ಲವೇ. ಎರಡು ಸಭೆ ಚರ್ಚೆ ಆಗಿ, ಒಂದು ವರ್ಷ ಮಾಡಿ ನೋಡೋಣ ಅಂತ ತೀರ್ಮಾನವಾಗಿದೆ. ಮೈಕಿನಲ್ಲಿ ಓದುವವರಿಗೆ ಕಷ್ಟ ಬೇಡ ಅಂತ ಮೊದಲ ಪುಟದ್ದನ್ನು ನಾವೇ ಇವತ್ತು ಮೈಕಿನಲ್ಲಿ ಓದಿದ್ದೇವೆ.

ಹೌದು, ಮೊದಲ ಪುಟ ಬರೆದದ್ದು ನಾವು. 2008ರ ರಬ್ಬರ್ ರಿಂಗಿನ ವಿಷಯ. ಯಾರು ಅನ್ನುವ ಕಾಲಮ್ಮು ಇಲ್ಲದಿದ್ದರೂ ಅದಕ್ಕೆ ಮಾತ್ರ ಕೆಳಗೆ ನಮ್ಮ ಸಹಿ ಹಾಕಿದ್ದೇವೆ. ಬರೆಯುವ ಮೊದಲು ಆ ಅಕ್ಕನ ಮನೆಗೆ ಹೋಗಿದ್ದೆವು, ಹದಿನೇಳು ವರ್ಷ ತಡವಾಗಿ. ಈ ಸಭೆಯಲ್ಲಿ ಹೇಳಬಹುದಾ ಅಂತ ಕೇಳಿದೆವು. "ಹೆಸರು ಹೇಳ್ಬೇಡಿ, ವಿಷಯ ಹೇಳಿ" ಅಂದರು. ಕಾಫಿ ಕೊಟ್ಟರು. ಈಗ ಅವರ ಕೊಟ್ಟಿಗೆಯಲ್ಲಿ ನಾಲ್ಕು ಹಸು ಇವೆ, ಸೊಸೆ ಹಾಲು ತರುತ್ತಾರೆ. ಬರುವಾಗ ಅವರು ಒಂದು ಮಾತು ಕೇಳಿದರು, "ಆ ವರ್ಷದ ಬೋನಸ್ಸು ಏನಾಯ್ತು?" ಅಂತ. ಅದನ್ನು ಮುಂದಿನ ಸಭೆಯ ಅಜೆಂಡಾಕ್ಕೆ ಬರೆಸಿದ್ದೇವೆ. ಲೆಕ್ಕ ಹುಡುಕಿ ಕೊಡುವುದಾಗಿ ಕಾರ್ಯದರ್ಶಿಯವರು ಒಪ್ಪಿದ್ದಾರೆ.

ಪುಸ್ತಕ ಮೊಳೆಗೆ ನೇತುಹಾಕಿದೆ. ಪೆನ್ನು ದಾರದಲ್ಲಿ ಕಟ್ಟಿದೆ, ಈಗಾಗಲೇ ಎರಡು ಪೆನ್ನು ಕಾಣೆಯಾಗಿವೆ, ದಾರ ಮಾತ್ರ ಇದೆ. ಎರಡನೇ ಪುಟದಲ್ಲಿ ಯಾರೋ, ಡೈರಿ ಮುಂದಿನ ಮೆಟ್ಟಿಲು ಒಡೆದಿದೆ, ವಯಸ್ಸಾದವರು ಕ್ಯಾನು ಹಿಡಿದು ಜಾರುತ್ತಾರೆ ಅಂತ ಬರೆದಿದ್ದಾರೆ. ಮೇಸ್ತ್ರಿಗೆ ಹೇಳಿ ಕಳಿಸಿದ್ದೇವೆ.